ಹೆಚ್ಚು ಕದನ ಸೋತವರು ಯುದ್ಧ ಗೆದ್ದದ್ದು ಹೇಗೆ? ಅಮೆರಿಕದ ಸ್ವಾತಂತ್ರ್ಯ ಸಮರ, ಅದರ ನಡುವೆ ನಮ್ಮ ಹೈದರಾಲಿ

ಡೆಲವೇರ್‌ದಂಡೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ, ಟ್ರೆಂಟನ್ನಿಗೆ ಅರ್ಧ ಗಂಟೆ ಕಾರಿನ ದಾರಿ. ಮಗಳು ಎಂಟನೇ ಕ್ಲಾಸು. ಹದಿಮೂರು ವಸಾಹತುಗಳು ಬ್ರಿಟಿಷ್ ಸಾಮ್ರಾಜ್ಯದಿಂದ ಹೇಗೆ ಬಿಡಿಸಿಕೊಂಡವು ಅಂತ ಒಂದು ಚಾರ್ಟ್ ಮಾಡಬೇಕಂತೆ. ಸುಲಭದ ಕೆಲಸ ಅಂದುಕೊಂಡು ಅವಳ ಜೊತೆ ಕದನಗಳ ಪಟ್ಟಿ ಹಾಕುತ್ತಾ ಕೂತೆ. 1776ರ ಆಗಸ್ಟ್, ಲಾಂಗ್ ಐಲೆಂಡ್: ಅಮೆರಿಕದ ಸೇನಾಪತಿ ವಾಷಿಂಗ್ಟನ್ ಸೋತ. 1777, ಬ್ರ್ಯಾಂಡಿವೈನ್: ಸೋತ. ಅದೇ ವರ್ಷ ಜರ್ಮನ್‌ಟೌನ್: ಸೋತ. 1780, ಚಾರ್ಲ್ಸ್‌ಟನ್: ಊರಿಗೆ ಊರೇ, ಸೈನ್ಯಕ್ಕೆ ಸೈನ್ಯವೇ ಶರಣು. ಮೂರು ತಿಂಗಳಾದ ಮೇಲೆ ಕ್ಯಾಮ್ಡೆನ್: ಓಟ. ಮಗಳು ಪೆನ್ಸಿಲ್ ಕೆಳಗಿಟ್ಟು, ‘ಅಪ್ಪಾ, ಇವರು ಗೆದ್ದಿದ್ದು ನಿಜ ತಾನೆ?’ ಅಂದಳು.

ಉತ್ತರ ಹೊಳೆಯಲಿಲ್ಲ. ಹೋದ ಚಳಿಗಾಲ ವಾಷಿಂಗ್ಟನ್ ನದಿ ದಾಟಿದ ಜಾಗ ನೋಡಲು ಹೋಗಿದ್ದೆವು. ಚಿತ್ರಗಳಲ್ಲಿ ಸಮುದ್ರದ ಹಾಗೆ ತೋರಿಸುವ ಡೆಲವೇರ್ ನದಿ ಅಲ್ಲಿ ಅಷ್ಟೇನೂ ಅಗಲವಿಲ್ಲ, ಆಚೆ ದಡದ ಮರಗಳನ್ನು ಎಣಿಸಬಹುದು. ಕಬ್ಬಿಣ ಸಾಗಿಸಲು ಮಾಡಿದ್ದ ಉದ್ದನೆಯ, ಎತ್ತರದ ಅಂಚಿನ ಡರ್ಹಮ್ ದೋಣಿಗಳಲ್ಲಿ 1776ರ ಡಿಸೆಂಬರ್ 25ರ ರಾತ್ರಿ ಸುಮಾರು 2,400 ಜನ ನಿಂತುಕೊಂಡೇ ದಾಟಿದರಂತೆ. ಕುದುರೆ, ತೋಪುಗಳಿಗೆ ಬೇರೆ ಚಪ್ಪಟೆ ದೋಣಿ. ನೀರಲ್ಲಿ ಮಂಜುಗಡ್ಡೆ ತೇಲಿ ಬರುತ್ತಿತ್ತು. ನಾನು ಎರಡು ಜಾಕೆಟ್ ಹಾಕಿಕೊಂಡು ಹತ್ತು ನಿಮಿಷ ನಿಲ್ಲಲಾರದೆ ಕಾರಿಗೆ ಓಡಿದೆ. ಇಷ್ಟು ಸೋತವರು ಕೊನೆಗೆ ಗೆದ್ದದ್ದು ಹೇಗೆ, ಬಲ್ಲವರು ಹೇಳಿ.

ಮಂಡ್ಯಹೈದ:
ಫ್ರಾನ್ಸಿನೋರು ಗೆದ್ದುಕೊಟ್ರು ಸಾ. ಇನ್ನೇನ್ ಇದೆ ಅದ್ರಲ್ಲಿ. ಮುಂದಿನ ಪ್ರಶ್ನೆ.

ಲೆಕ್ಕಪತ್ರ:
ಮಂಡ್ಯದವರದು ಯಾವಾಗಲೂ ಒಂದೇ ಏಟು, ಎರಡು ತುಂಡು 😀

ಶುರುವಾದದ್ದೇ ಲೆಕ್ಕದ ಪುಸ್ತಕದಿಂದ, ಹಾಗಾಗಿ ಮೊದಲ ಮಾತು ನನ್ನದಿರಲಿ. 1763ಕ್ಕೆ ಏಳು ವರ್ಷಗಳ ಯುದ್ಧ ಮುಗಿಯಿತು. ಬ್ರಿಟನ್ ಕೆನಡಾ ಗೆದ್ದಿತ್ತು, ಜೊತೆಗೆ ಸುಮಾರು 13 ಕೋಟಿ ಪೌಂಡ್ ಸಾಲ ಹೊತ್ತಿತ್ತು. ಅಮೆರಿಕದಲ್ಲಿ ಕಾವಲಿಗೆ ಬಿಟ್ಟ ಪಲ್ಟನ್ನುಗಳ ಖರ್ಚು ಬೇರೆ. ಆ ಖರ್ಚಿನಲ್ಲಿ ಒಂದು ಪಾಲನ್ನು ವಸಾಹತಿನವರೇ ಕೊಡಲಿ ಅಂದರು. 1765ರಲ್ಲಿ ಬಂದದ್ದು ಸ್ಟಾಂಪ್ ಕಾಯಿದೆ. ನಮ್ಮಲ್ಲಿ ಛಾಪಾ ಕಾಗದವಿಲ್ಲದೆ ಕ್ರಯಪತ್ರ ಆಗುವುದಿಲ್ಲವಲ್ಲ, ಅದೇ ಸಂಗತಿ. ಅಲ್ಲಿ ಅದನ್ನು ವೃತ್ತಪತ್ರಿಕೆಗೆ, ಪಂಚಾಂಗಕ್ಕೆ, ಇಸ್ಪೀಟೆಲೆಗೆ ಕೂಡ ಹಾಕಿದರು. ವಕೀಲರು, ಪತ್ರಿಕೆ ಅಚ್ಚು ಹಾಕುವವರು, ಹೆಂಡದಂಗಡಿಯಲ್ಲಿ ಇಸ್ಪೀಟಾಡುವವರು ಮೂವರನ್ನೂ ಒಂದೇ ದಿನ ಎದುರು ಹಾಕಿಕೊಂಡ ಸರ್ಕಾರ ಉಳಿಯುತ್ತದೆಯೇ? ಮರುವರ್ಷವೇ ವಾಪಸು ತೆಗೆದುಕೊಂಡರು. ಆದರೆ ತೆರಿಗೆ ಹಾಕುವ ಹಕ್ಕು ನಮಗಿದೆ ಅನ್ನುವುದನ್ನು ಮಾತ್ರ ಬಿಡಲಿಲ್ಲ.

ಕುಡ್ಲಕಡಲು:
ಚಹಾದ ಗಲಾಟೆ ಬಿಟ್ರಲ್ಲ ಮಾರಾಯ್ರೆ. ಚಹಾದ ಮೇಲೆ ತೆರಿಗೆ ಜಾಸ್ತಿ ಮಾಡಿದ್ರು, ಅದಕ್ಕೇ ಬಾಸ್ಟನ್ನಿನವರು ಸಮುದ್ರಕ್ಕೆ ಎಸೆದ್ರು ಅಂತ ನಾವು ಓದಿದ್ದು.

ಲೆಕ್ಕಪತ್ರ:
ಅಲ್ಲೇ ಎಲ್ಲರೂ ಎಡವುವುದು. 1773ರ ಕಾಯಿದೆಯಿಂದ ಚಹಾ ಅಗ್ಗವಾಗುವುದಿತ್ತು. ಈಸ್ಟ್ ಇಂಡಿಯಾ ಕಂಪನಿಯ ಉಗ್ರಾಣಗಳಲ್ಲಿ ಮಾರಾಟವಾಗದ ಚಹಾ ರಾಶಿ ಬಿದ್ದಿತ್ತು. ಬಂಗಾಳದಲ್ಲಿ 1770ರ ಭೀಕರ ಕ್ಷಾಮ ಬೇರೆ ಆಗಿ, ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. ಅದನ್ನು ಎತ್ತಿ ನಿಲ್ಲಿಸಲು, ಲಂಡನ್ನಿನಲ್ಲಿ ಕಟ್ಟಬೇಕಾದ ಸುಂಕ ಮಾಫಿ ಮಾಡಿ, ನೇರವಾಗಿ ಅಮೆರಿಕಕ್ಕೆ ಕಳುಹಿಸಿ ಅಂದರು. ಪೌಂಡಿಗೆ 3 ಪೆನ್ಸ್ ತೆರಿಗೆ ಮಾತ್ರ ಉಳಿಸಿದರು. ಕಳ್ಳಸಾಗಣೆಯ ಡಚ್ ಚಹಾ ಮಾರುತ್ತಿದ್ದವರ ಹೊಟ್ಟೆಗೆ ಏಟು, ಅಗ್ಗದ ಚಹಾ ಕುಡಿದರೆ ತೆರಿಗೆ ಒಪ್ಪಿದ ಹಾಗೆ ಅನ್ನುವ ಅನುಮಾನ, ಎರಡೂ ಸೇರಿದವು. 1773ರ ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ನೀರುಪಾಲು. ಅಂದಹಾಗೆ ಅದು ಚೀನಾದ ಚಹಾ. ಅಸ್ಸಾಮಿನದಂತೂ ಅಲ್ಲ, ಆಗ ಇಲ್ಲಿ ಚಹಾ ತೋಟವೇ ಇರಲಿಲ್ಲ.

ಇತಿಹಾಸಮೇಷ್ಟ್ರು:
ಲೆಕ್ಕಪತ್ರದವರು ನೆಲ ಹದ ಮಾಡಿಕೊಟ್ಟಿದ್ದಾರೆ, ನಾನು ಯುದ್ಧಕ್ಕೆ ಬರುತ್ತೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇದನ್ನೇ ಪಾಠ ಹೇಳಿದ್ದೇನೆ, ಉದ್ದವಾದರೆ ಸಹಿಸಿಕೊಳ್ಳಿ.

ಮಗಳಿಗೆ ಹೀಗೆ ಹೇಳಿ. ಬ್ರಿಟಿಷರು ಗೆಲ್ಲಬೇಕಾದರೆ ಆ ನಾಡನ್ನು ಪೂರಾ ಅಡಗಿಸಬೇಕಿತ್ತು. ವಾಷಿಂಗ್ಟನ್ನಿಗೆ ತನ್ನ ಸೈನ್ಯ ಅಳಿಯದೆ ಉಳಿದರೆ ಸಾಕಿತ್ತು. ಲಂಡನ್ನಿನಿಂದ ಒಂದು ಆದೇಶ ಅಟ್ಲಾಂಟಿಕ್ ದಾಟಿ ಬರಲು ಒಂದೂವರೆ ಎರಡು ತಿಂಗಳು, ಗಾಳಿ ಎದುರಾದರೆ ಇನ್ನೂ ಹೆಚ್ಚು. ಸಿಪಾಯಿಗಳ ಹಿಟ್ಟು, ಉಪ್ಪು ಹಾಕಿದ ಮಾಂಸ, ಎಲ್ಲ ಹಡಗಿನಲ್ಲಿ ಬರಬೇಕು. ಜನ ಸಾಲದೆ ಜರ್ಮನ್ ಸಂಸ್ಥಾನಗಳಿಂದ ಸುಮಾರು 30,000 ಸಿಪಾಯಿಗಳನ್ನು ಬಾಡಿಗೆಗೆ ತಂದರು. ಹಡಗು ಹೋಗುವಲ್ಲೆಲ್ಲ ಬ್ರಿಟಿಷರೇ ದೊರೆಗಳು, ದಡದಿಂದ ಎರಡು ದಿನದ ನಡಿಗೆ ಒಳಗೆ ಹೋದರೆ ಪರದೇಶಿಗಳು.

ಲಾಂಗ್ ಐಲೆಂಡ್ ಸೋಲನ್ನೇ ನೋಡಿ. ಬೆನ್ನಿಗೆ ನದಿ, ಎದುರಿಗೆ ಶತ್ರು. ಅಲ್ಲೇ ಮುಗಿಯಬೇಕಿತ್ತು. ಮೀನುಗಾರರ ಊರಾದ ಮಾರ್ಬಲ್‌ಹೆಡ್ಡಿನ ದೋಣಿಯವರು ರಾತ್ರಿಯಿಡೀ ಹುಟ್ಟು ಹಾಕಿದರು, ಬೆಳಗಿನ ಜಾವಕ್ಕೆ ಮಂಜು ಕವಿಯಿತು, ಸುಮಾರು 9,000 ಜನ ಸದ್ದಿಲ್ಲದೆ ಆಚೆ ದಡ ಸೇರಿದ್ದರು. ನಾಲ್ಕು ತಿಂಗಳಾದ ಮೇಲೆ ಡೆಲವೇರ್ ದಾಟಿಸಿದವರೂ ಅದೇ ಮಾರ್ಬಲ್‌ಹೆಡ್ಡಿನವರು. ನನ್ನ ಕೇಳಿದರೆ ಚಾರ್ಟಿನಲ್ಲಿ ಒಂದು ದೋಣಿಯ ಚಿತ್ರ ಬರೆಯಲು ಹೇಳಿ.

ಡೆಲವೇರ್‌ದಂಡೆ:
ಮೇಷ್ಟ್ರೇ, ಇದು ನನಗೆ ಗೊತ್ತೇ ಇರಲಿಲ್ಲ. ಆ ನದಿ ದಾಟಿ ಮಾಡಿದ ಟ್ರೆಂಟನ್ ಕದನ ಅಷ್ಟು ದೊಡ್ಡದಾ? ಇಲ್ಲಿಯವರು ಅದರ ಬಗ್ಗೆ ಮಾತಾಡುವುದು ನೋಡಿದರೆ ಕುರುಕ್ಷೇತ್ರ ಅನ್ನಿಸುತ್ತದೆ.

ಇತಿಹಾಸಮೇಷ್ಟ್ರು:
ಕದನವಾಗಿ ಬಹಳ ಸಣ್ಣದು, ಒಂದು ಗಂಟೆಯ ಮಾತು. ಮೂರು ತುಕಡಿ ದಾಟಬೇಕೆಂದು ಯೋಜನೆ, ಎರಡಕ್ಕೆ ಮಂಜುಗಡ್ಡೆಯಿಂದ ದಾಟಲಾಗಲಿಲ್ಲ. ನಡುರಾತ್ರಿಗೆ ಮುಗಿಯಬೇಕಿದ್ದ ದಾಟುವಿಕೆ ಮುಗಿದಾಗ ಬೆಳಗಿನ ಜಾವ ಮೂರು ಗಂಟೆ. ಆಮೇಲೆ ಹಿಮದಲ್ಲಿ ಒಂಬತ್ತು ಮೈಲಿ ನಡಿಗೆ, ದಾರಿಯಲ್ಲಿ ಇಬ್ಬರು ಚಳಿಗೆ ಸತ್ತರು. ಮದ್ದು ನೆನೆದಿದೆ ಅಂದಾಗ ಬಂದೂಕಿನ ತುದಿಯ ಸನೀನಿನಿಂದಲೇ ಚುಚ್ಚಿ ಅನ್ನುವ ಉತ್ತರ ಬಂತು. ಊರಿನಲ್ಲಿದ್ದ ಜರ್ಮನ್ ಸಿಪಾಯಿಗಳಲ್ಲಿ ಸುಮಾರು 900 ಜನ ಸೆರೆ ಸಿಕ್ಕರು.

ಅದರ ಬೆಲೆ ತಿಳಿಯಬೇಕಾದರೆ ತಾರೀಖು ನೋಡಬೇಕು. ಡಿಸೆಂಬರ್ 31ಕ್ಕೆ ಆ ಸಿಪಾಯಿಗಳಲ್ಲಿ ಬಹುಪಾಲು ಜನರ ಕರಾರು ಮುಗಿಯುತ್ತಿತ್ತು. ಗೆಲುವಿಲ್ಲದಿದ್ದರೆ ಜನವರಿ 1ಕ್ಕೆ ಸೈನ್ಯವೇ ಇರುತ್ತಿರಲಿಲ್ಲ. ಇನ್ನೊಂದು ಆರು ವಾರ ನಿಲ್ಲಿ, ತಲೆಗೆ 10 ಡಾಲರ್ ಕೊಡುತ್ತೇನೆ ಎಂದು ವಾಷಿಂಗ್ಟನ್ ಬೇಡಿಕೊಂಡ. ಮೊದಲು ಒಬ್ಬರೂ ಮುಂದೆ ಬರಲಿಲ್ಲ. ಎರಡನೇ ಸಲ ಕೇಳಿದ ಮೇಲೆ ಒಬ್ಬೊಬ್ಬರೇ ಹೆಜ್ಜೆ ಮುಂದಿಟ್ಟರು.

ಹುಬ್ಬಳ್ಳಿಅಕ್ಕ:
ಎಲ್ಲಾರೂ ಬರೇ ಬಂದೂಕು, ದೋಣಿ ಅಂತ ಮಾತಾಡ್ಲಿಕ್ಕತ್ತೀರಿ. ನಾ ನರ್ಸ್ ಆಗಿ ಕೆಲಸ ಮಾಡಿದಾಕಿ, ನನ್ನ ಕಣ್ಣಿಗೆ ಬೀಳೂದ ಬ್ಯಾರೆ. ಆ ಯುದ್ಧದಾಗ ಗುಂಡು ಬಿದ್ದು ಸತ್ತವರಿಗಿಂತ ಬ್ಯಾನಿ ಬಂದು ಸತ್ತವರ ಭಾಳ. 1777-78ರ ಚಳಿಗಾಲದಾಗ ವ್ಯಾಲಿ ಫೋರ್ಜ್ ಅನ್ನೋ ಜಾಗದಾಗ ಸುಮಾರು 12,000 ಮಂದಿ ಗುಡಿಸಲು ಹಾಕ್ಕೊಂಡು ಕುಂತ್ರು. ಅಲ್ಲಿ ಒಂದ ಒಂದು ಕಾಳಗ ಆಗಲಿಲ್ಲ. ಆದ್ರೂ ಸುಮಾರು 2,000 ಮಂದಿ ಟೈಫಾಯಿಡ್, ಆಮಶಂಕೆ, ನ್ಯುಮೋನಿಯಾ ಅಂತ ಹೋದ್ರು.

ಸಿಡುಬು ಇನ್ನೊಂದು. ವಾಷಿಂಗ್ಟನ್ನಗ 19ನೇ ವಯಸ್ಸಿನಾಗ ಸಿಡುಬು ಬಂದು ಹೋಗಿತ್ತು, ಮುಖದ ಮ್ಯಾಲೆ ಕಲೆ ಇದ್ದವು. ಹಂಗಾಗಿ ಅದರ ಭಯ ಅವಗ ಗೊತ್ತಿತ್ತು. 1777ರಾಗ ಇಡೀ ಸೈನ್ಯಕ್ಕ ಸಿಡುಬು ಹಾಕಿಸ್ರಿ ಅಂದ. ಲಸಿಕೆ ಇನ್ನೂ ಬಂದಿರಲಿಲ್ಲ. ರೋಗಿಯ ಕೀವು ತಗೊಂಡು ತೋಳಿನಾಗ ಗೀರಿ ಹಚ್ಚೂದು. ಸಣ್ಣದಾಗಿ ಸಿಡುಬು ಬಂದು ಹೋಗತಿತ್ತು, ಕೆಲವರು ಸಾಯತಿದ್ರು. ವೈರಿಗೆ ಗೊತ್ತಾದ್ರ ಹಾಸಿಗಿ ಹಿಡಿದ ಸೈನ್ಯದ ಮ್ಯಾಲೆ ಬಿದ್ದಾನು ಅಂತ ಗುಟ್ಟಾಗಿ ಮಾಡಿಸಿದ್ರು. ನನಗ ಕೇಳಿದ್ರ ಅವನ ದೊಡ್ಡ ಗೆಲುವು ಇದ.

ಇತಿಹಾಸಮೇಷ್ಟ್ರು:
ಅಕ್ಕಾವ್ರೇ, ನೂರಕ್ಕೆ ನೂರು ಒಪ್ಪಿದೆ. ಅದೇ ವ್ಯಾಲಿ ಫೋರ್ಜಿಗೆ ಪ್ರಷ್ಯಾದ ಸ್ಟೂಬೆನ್ ಬಂದ. ಇಂಗ್ಲಿಷ್ ಬಾರದು, ಬೈಗುಳವನ್ನೂ ದುಭಾಷಿಯಿಂದ ಹೇಳಿಸಬೇಕು. ಕವಾಯತು ಕಲಿಸಿದವನೆಂದೇ ಪುಸ್ತಕಗಳು ಹೇಳುತ್ತವೆ, ಆದರೆ ಅವನು ಮಾಡಿದ ಇನ್ನೊಂದು ಕೆಲಸ ಅಡಿಗೆಯ ಜಾಗ ಒಂದು ಕಡೆ, ಪಾಯಖಾನೆ ಇನ್ನೊಂದು ಕಡೆ, ಅದೂ ಇಳಿಜಾರಿನಲ್ಲಿ ಎಂದು ಬೇರೆ ಮಾಡಿಸಿದ್ದು.

ಮಂಡ್ಯಹೈದ:
ಊಟ ಏನಿತ್ತು ಅಕ್ಕ ಅವ್ರಿಗೆ?

ಹುಬ್ಬಳ್ಳಿಅಕ್ಕ:
ಹಿಟ್ಟು ಕಲಸಿ ಬೆಂಕಿ ಮ್ಯಾಲೆ ಸುಟ್ಟ ರೊಟ್ಟಿ, ಅದೂ ಇದ್ದ ದಿನ. ಅಲ್ಲಿಗೆ ಹೋಗೋಕಿಂತ ಸ್ವಲ್ಪ ಮೊದಲ, ದೇವರಿಗೆ ಧನ್ಯವಾದ ಹೇಳೋ ಹಬ್ಬ ಮಾಡ್ರಿ ಅಂತ ಕಾಂಗ್ರೆಸ್ಸು, ಅಂದ್ರ ಹದಿಮೂರು ವಸಾಹತಿನವರ ಸಭೆ, ಹುಕುಂ ಕಳಿಸಿತು. ಆ ಹಬ್ಬದ ದಿನ ತನಗ ಸಿಕ್ಕಿದ್ದು ಒಂದು ಹಿಡಿ ಅಕ್ಕಿ, ಒಂದು ಚಮಚ ವಿನೆಗರ್ ಅಂತ ಒಬ್ಬ ಸಿಪಾಯಿ ಮುಪ್ಪಿನಾಗ ಬರದಾನ. ಓದಿದಾಗ ನಗೂ ಬಂತು, ಹೊಟ್ಟ್ಯಾಗ ಸಂಕಟಾನೂ ಆತು.

ಲೆಕ್ಕಪತ್ರ:
ಊಟ ಯಾಕಿರಲಿಲ್ಲ ಅಂದರೆ, ರೈತರ ಹತ್ತಿರ ಧಾನ್ಯವಿತ್ತು, ಸೈನ್ಯದ ಹತ್ತಿರ ದುಡ್ಡಿರಲಿಲ್ಲ. ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇಲ್ಲ. ತೆರಿಗೆಯ ವಿರುದ್ಧ ದಂಗೆ ಎದ್ದವರಲ್ಲವೇ! ಅದಕ್ಕೆ ನೋಟು ಅಚ್ಚು ಹಾಕಿದರು, ಹಾಕಿದರು, ಹಾಕುತ್ತಲೇ ಹೋದರು. 1780ರ ಮಾರ್ಚಿನಲ್ಲಿ ಕಾಂಗ್ರೆಸ್ಸೇ 40 ಕಾಗದದ ಡಾಲರಿಗೆ 1 ಬೆಳ್ಳಿ ಡಾಲರ್ ಎಂದು ಒಪ್ಪಿಕೊಂಡಿತು. 1781ರ ಜನವರಿ 1ರಂದು ಪೆನ್ಸಿಲ್ವೇನಿಯಾದ ಸಿಪಾಯಿಗಳು ಸಂಬಳವಿಲ್ಲವೆಂದು ದಂಗೆ ಎದ್ದು ಪ್ರಿನ್ಸ್‌ಟನ್ನಿಗೆ ಮೆರವಣಿಗೆ ಹೋದರು. ಡೆಲವೇರ್‌ದಂಡೆಯವರೇ, ಇದು ನಿಮ್ಮ ಏರಿಯಾನೇ. ಅಂಥ ಸ್ಥಿತಿಯಲ್ಲೂ ಅವರು ಇಂಗ್ಲಿಷರ ಕಡೆ ಹೋಗಲಿಲ್ಲ. ಆಮಿಷ ಒಡ್ಡಲು ಬಂದ ಬ್ರಿಟಿಷ್ ಗೂಢಚಾರರನ್ನು ಹಿಡಿದು ಒಪ್ಪಿಸಿದರು. ಸಂಬಳ ಕೊಡಿ ಅನ್ನುವುದು ಬೇರೆ, ದೊರೆ ಬದಲಾಯಿಸುವುದು ಬೇರೆ.

ಮಂಡ್ಯಹೈದ:
ಸರಿ ಸಾ, ಆದ್ರೂ ನಾನ್ ಯೋಳಿದ್ದೇ ನಿಜ. ಫ್ರಾನ್ಸ್ ಬರ್ದೆ ಇದ್ದಿದ್ರೆ?

ಇತಿಹಾಸಮೇಷ್ಟ್ರು:
ಬರದಿದ್ದರೆ ಕೊನೆಯ ದೊಡ್ಡ ಗೆಲುವಾದ ಯಾರ್ಕ್‌ಟೌನ್ ಆಗುತ್ತಿರಲಿಲ್ಲ, ಅದು ನಿಜ. ಆದರೆ ಬಂದದ್ದು ಯಾಕೆ? 1777ರಲ್ಲಿ ಬರ್ಗಾಯ್ನ್ ಎಂಬ ಬ್ರಿಟಿಷ್ ದಳಪತಿ ಕೆನಡಾದಿಂದ ಕಾಡಿನ ದಾರಿ ಹಿಡಿದು ದಕ್ಷಿಣಕ್ಕೆ ಇಳಿದ. ಹೌ ಎಂಬ ಇನ್ನೊಬ್ಬ ನ್ಯೂಯಾರ್ಕಿನಿಂದ ಮೇಲೆ ಬಂದು ಕೂಡಿಕೊಳ್ಳುತ್ತಾನೆ ಎಂದು ನಂಬಿದ್ದ. ಹೌ ತನ್ನ ಪಾಡಿಗೆ ಫಿಲಡೆಲ್ಫಿಯಾ ಹಿಡಿಯಲು ಹೊರಟುಹೋದ. ಲಂಡನ್ನಿನಲ್ಲಿ ಕೂತ ಮಂತ್ರಿ ಇಬ್ಬರಿಗೂ ಹ್ಞೂಂ ಅಂದಿದ್ದ! ಅಕ್ಟೋಬರ್ 17ರಂದು ಸಾರಟೋಗದಲ್ಲಿ ಬರ್ಗಾಯ್ನ್ 5,000ಕ್ಕೂ ಹೆಚ್ಚು ಜನರ ಸಮೇತ ಶರಣಾದ. ಆ ಸುದ್ದಿ ಪ್ಯಾರಿಸ್ಸಿಗೆ ತಲುಪಿದ ಮೇಲೆ 1778ರ ಫೆಬ್ರವರಿ 6ರಂದು ಫ್ರಾನ್ಸ್ ಒಪ್ಪಂದಕ್ಕೆ ಸಹಿ ಹಾಕಿತು. ಸೋಲುವ ಕುದುರೆಯ ಮೇಲೆ ಯಾರೂ ಬಾಜಿ ಕಟ್ಟುವುದಿಲ್ಲ.

ಗುಟ್ಟಾಗಿ ಅದಕ್ಕೂ ಮುಂಚೆಯೇ ಬಂದೂಕು, ಮದ್ದು ಕಳಿಸುತ್ತಿದ್ದರೆನ್ನಿ. ಅಮೆರಿಕನ್ನರ ಹತ್ತಿರ ಮದ್ದು ಇರಲೇ ಇಲ್ಲ. ಮದ್ದಿಗೆ ಪೆಟ್ಲುಪ್ಪು ಬೇಕು, ಜಗತ್ತಿನ ಒಳ್ಳೆಯ ಪೆಟ್ಲುಪ್ಪು ಬರುತ್ತಿದ್ದದ್ದು ಬಿಹಾರದ ಪಾಟ್ನಾ ಕಡೆಯಿಂದ, ಅದು ಪ್ಲಾಸಿಯ ನಂತರ ಕಂಪನಿಯ ಕೈಯಲ್ಲಿತ್ತು.

ಮತ್ತೆ ಹೌ ಹಿಡಿದ ಫಿಲಡೆಲ್ಫಿಯಾ ಏನಾಯಿತು? ಏನೂ ಆಗಲಿಲ್ಲ. ಅದು ಅವರ ರಾಜಧಾನಿ. ಕಾಂಗ್ರೆಸ್ಸಿನವರು ಗಂಟುಮೂಟೆ ಕಟ್ಟಿಕೊಂಡು ಲ್ಯಾಂಕಾಸ್ಟರಿಗೆ, ಅಲ್ಲಿಂದ ಯಾರ್ಕ್ ಎಂಬ ಊರಿಗೆ ಹೋಗಿ ಸಭೆ ಮುಂದುವರಿಸಿದರು. ನ್ಯೂಯಾರ್ಕ್, ಫಿಲಡೆಲ್ಫಿಯಾ, ಚಾರ್ಲ್ಸ್‌ಟನ್ ಎಲ್ಲ ಒಂದಲ್ಲ ಒಂದು ಕಾಲದಲ್ಲಿ ಬ್ರಿಟಿಷರ ಕೈಯಲ್ಲಿದ್ದವು, ಯುದ್ಧ ಮಾತ್ರ ಮುಗಿಯಲಿಲ್ಲ. ಇದನ್ನು ನಮ್ಮ ಶ್ರೀರಂಗಪಟ್ಟಣದ ಪಕ್ಕಕ್ಕಿಟ್ಟು ನೋಡಿ. 1799ರಲ್ಲಿ ಆ ಒಂದು ಕೋಟೆ ಬಿತ್ತು, ರಾಜ್ಯವೇ ಮುಗಿಯಿತು.

ಮಂಡ್ಯಹೈದ:
ಅಯ್ಯೋ ಮೇಷ್ಟ್ರೇ, ನಮ್ಮೂರ ಹೆಸ್ರು ತೆಗ್ದು ಸರಿಯಾದ ಜಾಗಕ್ಕೇ ಒಡುದ್ರಿ. ಆದ್ರೆ ಒಂದ್ ಮಾತು. ಅಮೆರಿಕದೋರಿಗೆ ಸೋತ ಕಾರ್ನ್‌ವಾಲಿಸ್ಸೇ ಅಲ್ವಾ ಇಲ್ ಬಂದು ನಮ್ಮೇಲೆ ಬಿದ್ದಿದ್ದು?

ಇತಿಹಾಸಮೇಷ್ಟ್ರು:
ಅವನೇ. ಮೊದಲು ಸೋತ ಕಥೆ ಕೇಳಿ. ಬ್ರಿಟಿಷರು 1778ರ ಕೊನೆಯಿಂದ ದಕ್ಷಿಣದ ವಸಾಹತುಗಳಿಗೆ ಕೈ ಹಾಕಿದ್ದರು. ಅಲ್ಲಿ ರಾಜನಿಷ್ಠರು ಹೆಚ್ಚು, ಬಂದು ಸೇರಿಕೊಳ್ಳುತ್ತಾರೆ ಎಂಬ ಆಸೆ. ಊರು ಗೆದ್ದರು, ಹಳ್ಳಿಗಾಡು ಕೈಗೆ ಬರಲಿಲ್ಲ. ನೆರೆಹೊರೆಯವರೇ ಹೊಡೆದಾಡುವ ಅಂತರ್ಯುದ್ಧ ಅದು. 1780ರ ಅಕ್ಟೋಬರಿನ ಕಿಂಗ್ಸ್ ಮೌಂಟನ್ ಕದನದಲ್ಲಿ ಎರಡೂ ಕಡೆ ಅಮೆರಿಕನ್ನರೇ, ರಾಜನ ಕಡೆಯ ದಳಪತಿ ಫರ್ಗ್ಯುಸನ್ ಒಬ್ಬನೇ ಹೊರಗಿನವನು. ಆಮೇಲೆ ಅಮೆರಿಕನ್ನರ ಕಡೆ ಗ್ರೀನ್ ಎಂಬ ಸೇನಾನಿ ಬಂದ. ಹೊಡೆದಾಡುತ್ತೇವೆ, ಏಟು ತಿನ್ನುತ್ತೇವೆ, ಎದ್ದು ಮತ್ತೆ ಹೊಡೆದಾಡುತ್ತೇವೆ ಎಂದು ಬರೆದವನು ಅವನು. 1781ರ ಮಾರ್ಚಿನಲ್ಲಿ ಗಿಲ್ಫರ್ಡ್ ಕೋರ್ಟ್‌ಹೌಸಿನಲ್ಲಿ ಗೆದ್ದವನು ಕಾರ್ನ್‌ವಾಲಿಸ್, ಆದರೆ ಸೈನ್ಯದ ಕಾಲುಭಾಗ ಅಲ್ಲೇ ಹೋಯಿತು. ಉಳಿದವರನ್ನು ಕಟ್ಟಿಕೊಂಡು ಯಾರ್ಕ್‌ಟೌನ್ ಎಂಬ ಬಂದರು ಸೇರಿ, ನಮ್ಮ ಹಡಗು ಬರುತ್ತದೆ ಎಂದು ಕಾದು ಕೂತ.

ಬಂದದ್ದು ಫ್ರೆಂಚ್ ಹಡಗು. ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ಫ್ರೆಂಚ್ ನೌಕಾಪತಿ ದ ಗ್ರಾಸ್‌ನ 24 ಯುದ್ಧನೌಕೆ, ಬ್ರಿಟಿಷರ 19. ಬ್ರಿಟಿಷರು ನ್ಯೂಯಾರ್ಕಿಗೆ ಹಿಂದಿರುಗಿದರು, ಬಾಗಿಲು ಮುಚ್ಚಿತು. ಅಕ್ಟೋಬರ್ 19ಕ್ಕೆ 7,000ಕ್ಕೂ ಹೆಚ್ಚು ಜನ ಶರಣು. ಕಾರ್ನ್‌ವಾಲಿಸ್ ಮೈಗೆ ಹುಷಾರಿಲ್ಲವೆಂದು ಗುಡಾರದಲ್ಲೇ ಉಳಿದು, ಕತ್ತಿ ಒಪ್ಪಿಸಲು ಓ’ಹಾರಾ ಎಂಬ ಕೈಕೆಳಗಿನವನನ್ನು ಕಳಿಸಿದ.

ಲೆಕ್ಕಪತ್ರ:
ಆ ಯಾರ್ಕ್‌ಟೌನಿಗೂ ಸ್ಪೇನಿನ ಬೆಳ್ಳಿ ಬೇಕಾಯಿತು ಅನ್ನುವುದನ್ನು ಸೇರಿಸಿ ಮೇಷ್ಟ್ರೇ. ಹವಾನಾದಲ್ಲಿ 5 ಲಕ್ಷ ಪೆಸೊ ಕೂಡಿಸಿ ದ ಗ್ರಾಸ್‌ನ ಹಡಗಿಗೆ ಹಾಕಿಕೊಟ್ಟರು. ಉತ್ತರದಿಂದ ಹೊರಟ ಅಮೆರಿಕನ್ ಸಿಪಾಯಿಗಳು ಫಿಲಡೆಲ್ಫಿಯಾ ದಾಟುವಾಗ ಒಂದು ತಿಂಗಳ ಸಂಬಳ ನಾಣ್ಯದಲ್ಲಿ ಕೊಟ್ಟರೇ ಮುಂದೆ ಹೆಜ್ಜೆ ಅಂದರು. ಫ್ರೆಂಚರಿಂದ ಕೈಗಡ ತಂದು ಕೊಟ್ಟರು.

ಕುಡ್ಲಕಡಲು:
ಈಗ ನಮ್ಮ ಕಡೆಯ ಕಥೆ ಹೇಳ್ಲಾ? ಫ್ರಾನ್ಸ್ ಯುದ್ಧಕ್ಕೆ ಇಳಿದ ಕೂಡ್ಲೇ ಅದು ಅಮೆರಿಕದ ಜಗಳವಾಗಿ ಉಳಿಲಿಲ್ಲ. ಇಲ್ಲಿ ಇಂಗ್ಲಿಷರು 1778ರಲ್ಲಿ ಪಾಂಡಿಚೇರಿ ಹಿಡಿದ್ರು, 1779ರ ಮಾರ್ಚಲ್ಲಿ ಫ್ರೆಂಚರ ಬಂದರು ಮಾಹೆ ಹಿಡಿದ್ರು. ಮಾಹೆಯಿಂದ ಹೈದರಾಲಿಗೆ ಫ್ರೆಂಚ್ ಬಂದೂಕು, ಮದ್ದು ಬರ್ತಾ ಇತ್ತು. ಅದು ನನ್ನ ಆಶ್ರಯದಲ್ಲಿ ಉಂಟು, ಮುಟ್ಬೇಡಿ ಅಂತ ಅವ ಮೊದ್ಲೇ ಹೇಳಿದ್ದ. ಮುಟ್ಟಿದ್ರು. 1780ರ ಜುಲೈಯಲ್ಲಿ ಘಟ್ಟ ಇಳಿದು ಕರ್ನಾಟಿಕ್‌ಗೆ, ಅಂದ್ರೆ ಈಗಿನ ತಮಿಳ್ನಾಡಿನ ಕಡೆಗೆ, ನುಗ್ಗಿದ. ಸೆಪ್ಟೆಂಬರ್ 10ಕ್ಕೆ ಪೊಲ್ಲಿಲೂರು.

ಮಂಡ್ಯಹೈದ:
ಪೊಲ್ಲಿಲೂರು ನಂಗ್ ಬುಡಿ. ದರಿಯಾ ದೌಲತ್‌ನ ಗೋಡೆ ಮೇಲೆ ಇಡೀ ಕಾಳಗ ಬರ್ದವ್ರೆ. ಚಿಕ್ಕುಡ್ಗ ಆಗಿದ್ದಾಗಿಂದ ನೋಡ್ತಿದೀನಿ. ಇಂಗ್ಲಿಷರ ಕರ್ನಲ್ ಬೇಲಿ ಪಲ್ಲಕ್ಕಿಲಿ ಕೂತವ್ನೆ, ಸುತ್ತ ಅವ್ನ ಸಿಪಾಯಿಗಳು ಚೌಕಾಕಾರ ಕಟ್ಕೊಂಡವ್ರೆ, ನಡುವೆ ಮದ್ದಿನ ಗಾಡಿ ಧಗ್ ಅಂತ ಉರೀತದೆ. ಹೈದರ್, ಟಿಪ್ಪು ಆನೆ ಮೇಲೆ ಮೆರವಣಿಗೆಗೆ ಹೊಂಟಂಗ್ ಬತ್ತಾವ್ರೆ. ಮೈಸೂರಿನ ಬೆಂಕಿ ಬಾಣಗಳು, ಅದೇ ರಾಕೆಟ್‌ಗಳು, ಬಿದ್ದು ಮದ್ದಿನ ಗಾಡಿ ಸಿಡಿದ್ ಮೇಲೆ ಇಂಗ್ಲಿಷರ ಕತೆ ಮುಗೀತು. ಬೇಲಿ ಶ್ರೀರಂಗಪಟ್ಟಣದ ಸೆರೆಲೇ ಸತ್ತ. ಅವ್ನ ಹೆಸ್ರಲ್ಲಿ ಕರೆಯೋ ಬಂದೀಖಾನೆ ಇವತ್ತೂ ನೋಡ್ಬೋದು.

ಅಂದ್ರೆ ಹೈದರಾಲಿ ಇಲ್ಲಿ ಇಂಗ್ಲಿಷರ ಕಾಲ್ ಎಳ್ದಿದ್ಕೇ ಅಲ್ಲಿ ಅಮೆರಿಕ ಗೆದ್ದಿದ್ದು. ನಮ್ಮಿಂದ್ಲೇ ಅಮೆರಿಕ ಸಾ! ಮಗಳ ಚಾರ್ಟಲ್ಲಿ ದೊಡ್ಡಕ್ಷರದಲ್ಲಿ ಬರೀರಿ.

ಇತಿಹಾಸಮೇಷ್ಟ್ರು:
ನಿಧಾನ ಹೈದ, ನಿಧಾನ. ಹೈದರ್ ತನ್ನ ಯುದ್ಧ ತಾನು ಮಾಡಿದ. ಮಾಹೆ ಹೋದ ಸಿಟ್ಟು, ಮರಾಠರು ಮೈಮೇಲೆ ಬಂದಾಗ ಒಪ್ಪಂದದಂತೆ ನೆರವಿಗೆ ಬಾರದ ಇಂಗ್ಲಿಷರ ಮೇಲಿನ ಹಳೆಯ ದ್ವೇಷ, ಅವನಿಗೆ ಅಷ್ಟು ಸಾಕಿತ್ತು. ವಾಷಿಂಗ್ಟನ್ನಿಗೆ ಸಹಾಯವಾಗಲಿ ಎಂದು ಅವನು ಘಟ್ಟ ಇಳಿಯಲಿಲ್ಲ.

ಆದರೆ ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲವೆಂದೂ ಹೇಳಲಾರೆ. 1778ರ ನಂತರ ಬ್ರಿಟನ್ನಿಗೆ ಎಷ್ಟು ಕಡೆ ಕಣ್ಣಿಡಬೇಕಾಯಿತು ನೋಡಿ. ವೆಸ್ಟ್ ಇಂಡೀಸಿನ ಸಕ್ಕರೆ ದ್ವೀಪಗಳು, 1779ರಲ್ಲಿ ಸ್ಪೇನ್ ಸೇರಿದ ಮೇಲೆ ಜಿಬ್ರಾಲ್ಟರ್, ತನ್ನದೇ ಕಡಲತೀರ, 1780ರ ಕೊನೆಗೆ ಡಚ್ಚರು, ಜೊತೆಗೆ ಮದರಾಸು. ಫಿಲಡೆಲ್ಫಿಯಾ ಬಿಟ್ಟು ಹೊರಟ ಸೈನ್ಯದಲ್ಲಿ 5,000 ಜನರನ್ನು ಸೇಂಟ್ ಲೂಸಿಯಾ ದ್ವೀಪಕ್ಕೆ ಕಳಿಸಿದರು. ಲಂಡನ್ನಿನ ಲೆಕ್ಕದಲ್ಲಿ ಸಕ್ಕರೆ ಮೊದಲು, ಬಾಸ್ಟನ್ ಆಮೇಲೆ. ಆ ಹತ್ತು ಜಗ್ಗಾಟಗಳಲ್ಲಿ ಮೈಸೂರೂ ಒಂದು. ಅಷ್ಟು ಹೇಳಿದರೆ ನ್ಯಾಯ.

ಸುಮ್ನೆಓದುಗ:
ಇಷ್ಟು ದಿನ ಸುಮ್ಮನೆ ಓದಿಕೊಂಡಿದ್ದೆ, ಇದಕ್ಕೆ ಮಾತ್ರ ಲಾಗಿನ್ ಆದೆ. ‘ಹೈದರಾಲಿ’ ಅನ್ನುವ ಹೆಸರಿನ ಅಮೆರಿಕದ ಹಡಗೇ ಇತ್ತು ಅಂತಾರಲ್ಲ, ನಿಜವಾ?

ಇತಿಹಾಸಮೇಷ್ಟ್ರು:
ನಿಜ. ಪೊಲ್ಲಿಲೂರಿನ ಸುದ್ದಿ ಅಲ್ಲಿಯ ಪತ್ರಿಕೆಗಳಲ್ಲಿ ಬಂದಿತ್ತು. ಪೆನ್ಸಿಲ್ವೇನಿಯಾ ಸರ್ಕಾರ ತನ್ನ ವ್ಯಾಪಾರದ ಹಡಗುಗಳ ಕಾವಲಿಗೆ ಸಜ್ಜುಮಾಡಿದ ಒಂದು ಹಡಗಿನ ಹೆಸರು ‘ಹೈದರ್ ಆಲಿ’. ನಾಯಕ ಜೋಶುವಾ ಬಾರ್ನಿ, ಇನ್ನೂ 22 ವರ್ಷದ ಹುಡುಗ. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗು ಎದುರಾಯಿತು. ನಾನು ಜೋರಾಗಿ ಯಾವ ಕಡೆ ತಿರುಗಿಸು ಅನ್ನುತ್ತೇನೋ ಅದರ ತದ್ವಿರುದ್ಧ ತಿರುಗಿಸು ಎಂದು ಚುಕ್ಕಾಣಿಯವನಿಗೆ ಮೊದಲೇ ಹೇಳಿಟ್ಟಿದ್ದ ಅನ್ನುತ್ತದೆ ಕಥೆ. ಕೂಗು ಕೇಳಿ ಮಂಕ್ ಹಡಗು ಒಂದು ಕಡೆ ತಿರುಗಿತು, ಹೈದರ್ ಆಲಿ ಅದರ ಮೂತಿಗೇ ಅಡ್ಡ ಬಂದು ಸಿಕ್ಕಿಕೊಂಡಿತು. ಅರ್ಧ ಗಂಟೆಯೊಳಗೆ ಬ್ರಿಟಿಷ್ ಬಾವುಟ ಕೆಳಗಿಳಿಯಿತು.

ಇನ್ನೊಂದು, ಡೆಲವೇರ್‌ದಂಡೆಯವರಿಗೇ ಎಂದು ಎತ್ತಿಟ್ಟಿದ್ದೆ. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್ ಗೆಲುವಿನ ಸುದ್ದಿ ಬಂದಾಗ ನಿಮ್ಮ ಟ್ರೆಂಟನ್ನಿನಲ್ಲಿ ಔತಣ ಮಾಡಿ, ಒಬ್ಬೊಬ್ಬರ ಹೆಸರು ಹೇಳಿ ಬಟ್ಟಲು ಎತ್ತಿದರು. ಅದರಲ್ಲಿ ಹೈದರಾಲಿಯ ಹೆಸರೂ ಇತ್ತು.

ಡೆಲವೇರ್‌ದಂಡೆ:
ಹನ್ನೊಂದು ವರ್ಷದಿಂದ ಈ ದಾರಿಯಲ್ಲೇ ಆಫೀಸಿಗೆ ಹೋಗುತ್ತಿದ್ದೇನೆ. ಒಬ್ಬರೂ ಹೇಳಲಿಲ್ಲ!

ಹುಬ್ಬಳ್ಳಿಅಕ್ಕ:
ಹೈದರಾಲಿ ಹೆಸರಿಗೆ ಖುಷಿ ಪಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸ್ವಾತಂತ್ರ್ಯ ಅಂದ್ರ ಯಾರಿಗೆ? 1775ರ ನವೆಂಬರದಾಗ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಡನ್‌ಮೋರ್, ದಂಗೆಕೋರರ ಗುಲಾಮರು ಓಡಿ ಬಂದು ನಮ್ಮ ಸೈನ್ಯ ಸೇರಿದ್ರ ಬಿಡುಗಡೆ ಅಂತ ಡಂಗುರ ಹೊಡಿಸಿದ. ಕರುಣೆ ಅಲ್ಲ ಬಿಡ್ರಿ, ಯುದ್ಧದ ಉಪಾಯ. ಆದ್ರ ಸಾವಿರಾರು ಮಂದಿಗೆ ಅದ ಸ್ವಾತಂತ್ರ್ಯದ ದಾರಿ ಆತು. 1781ರಾಗ ವಾಷಿಂಗ್ಟನ್ನನ ಸ್ವಂತ ತೋಟದಿಂದ 17 ಮಂದಿ ಬ್ರಿಟಿಷ್ ಹಡಗು ಹತ್ತಿ ಹೋದ್ರು. 1783ರಾಗ ನ್ಯೂಯಾರ್ಕ್ ಬಿಡುವಾಗ ಬ್ರಿಟಿಷರು ಸುಮಾರು 3,000 ಕರಿಯರ ಹೆಸರು ಒಂದು ಪುಸ್ತಕದಾಗ ಬರಕೊಂಡು, ಹೆಚ್ಚಿನವರನ್ನ ನೋವಾ ಸ್ಕೋಶಿಯಾಕ್ಕ ಕಳಿಸಿದ್ರು. ವಾಷಿಂಗ್ಟನ್ ವಾಪಸ್ ಕೊಡ್ರಿ ಅಂದ, ಕಾರ್ಲ್‌ಟನ್ ಅನ್ನೋ ಬ್ರಿಟಿಷ್ ಸೇನಾಪತಿ ಕೊಡಲಿಲ್ಲ.

ಅಮೆರಿಕದ ಕಡೆ ಬಂದೂಕು ಹಿಡಿದ ಕರಿಯರೂ ಸುಮಾರು 5,000 ಮಂದಿ ಇದ್ರು, ಅದನ್ನೂ ಹೇಳಬೇಕು. ಇನ್ನ ಮೂಲನಿವಾಸಿಗಳು. ಇರೊಕ್ವಾ ಒಕ್ಕೂಟ ಎರಡು ಹೋಳಾತು, ಒನೈಡಾ ಮಂದಿ ಅಮೆರಿಕದ ಕಡೆ, ಮೊಹಾಕರು ಬ್ರಿಟಿಷರ ಕಡೆ. 1779ರಾಗ ವಾಷಿಂಗ್ಟನ್ ಕಳಿಸಿದ ಸೈನ್ಯ ಇರೊಕ್ವಾ ಮಂದಿಯ 40 ಊರು ಸುಟ್ಟಿತು, ನಿಂತ ಮೆಕ್ಕಿಜೋಳ ಕಡಿದು ಹಾಕಿತು. ಯುದ್ಧ ಮುಗಿಸಿದ 1783ರ ಒಪ್ಪಂದದಾಗ ಬ್ರಿಟಿಷರು ಮಿಸ್ಸಿಸ್ಸಿಪ್ಪಿ ನದಿ ತನಕ ನೆಲ ಅಮೆರಿಕಕ್ಕ ಬರಕೊಟ್ರಲ್ಲ, ಆ ನೆಲದಾಗ ಇದ್ದವರನ್ನ ಒಂದು ಮಾತು ಕೇಳಲಿಲ್ಲ.

ಲೆಕ್ಕಪತ್ರ:
ಅಕ್ಕಾ, ಇದನ್ನು ಎಂಟನೇ ಕ್ಲಾಸಿನ ಚಾರ್ಟಿನಲ್ಲಿ ಹಾಕಿದರೆ ಟೀಚರ್ ಏನಂತಾರೋ.

ಹುಬ್ಬಳ್ಳಿಅಕ್ಕ:
ಏನೂ ಅನ್ನಂಗಿಲ್ಲ ತಮ್ಮಾ. ಈಗಿನ ಹುಡುಗ್ರು ನಮಗಿಂತ ಚಲೋ ಓದತಾವ.

ಕುಡ್ಲಕಡಲು:
ಒಪ್ಪಂದದ ಮಾತು ಬಂತಲ್ಲ, ನಮ್ಮೂರಲ್ಲಿ ಅದ್ರ ಬಿಸಿ ಹೇಗೆ ತಾಗಿತು ಕೇಳಿ. ಹೈದರಾಲಿ 1782ರ ಡಿಸೆಂಬರ್ 7ಕ್ಕೆ ತೀರಿಕೊಂಡ. 1783ರ ಮೇ ತಿಂಗಳಿಂದ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ, ಜೊತೆಗೆ ಫ್ರೆಂಚ್ ಸಿಪಾಯಿಗಳು. ಆಚೆ ಕಡೆ ಕಡಲೂರಿನಲ್ಲಿ ಜೂನ್ 20ಕ್ಕೆ ಫ್ರೆಂಚರ ಸುಫ್ರೆನ್, ಇಂಗ್ಲಿಷರ ಹ್ಯೂಸ್ ಇಬ್ಬರ ನೌಕಾದಳ ಹೊಡೆದಾಡಿತು. ಆದ್ರೆ ಯುರೋಪಲ್ಲಿ ಜನವರಿಯಲ್ಲೇ ರಾಜಿಯ ಕಾಗದಕ್ಕೆ ಸಹಿ ಆಗಿತ್ತು! ಸುದ್ದಿ ಇಲ್ಲಿಗೆ ಮುಟ್ಟುವಾಗ ಐದು ತಿಂಗಳು ಕಳೆದಿತ್ತು. ಬಾಸ್ಟನ್ ಹತ್ರದ ಲೆಕ್ಸಿಂಗ್ಟನ್ನಲ್ಲಿ 1775ರ ಏಪ್ರಿಲ್ 19ಕ್ಕೆ ಶುರುವಾದ ಯುದ್ಧದ ಕೊನೆಯ ಗುಂಡು ಹಾರಿದ್ದು ತಮಿಳ್ನಾಡಿನ ಕಡಲೂರಲ್ಲಿ. ಸುದ್ದಿ ಬಂದದ್ದೇ ಮಂಗಳೂರಿನ ಫ್ರೆಂಚರು, ನಮ್ಮ ರಾಜರಿಗೆ ರಾಜಿ ಆಗಿದೆ, ನಾವು ಹೊರಟೆವು ಅಂದ್ರು. ಟಿಪ್ಪು ಸಿಟ್ಟಲ್ಲಿ ಕೆಂಡವಾದ. ಕೋಟೆ 1784ರ ಜನವರಿಯಲ್ಲಿ ಸಿಕ್ಕಿತು, ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಫ್ರೆಂಚರನ್ನು ನಂಬಿದ್ರಲ್ಲಿ ವಾಷಿಂಗ್ಟನ್ನಿಗೆ ರಾಜ್ಯ ಸಿಕ್ಕಿತು, ಟಿಪ್ಪುವಿಗೆ ನಡುನೀರು.

ಮಂಡ್ಯಹೈದ:
ಆಮೇಲೆ ಯಾರ್ಕ್‌ಟೌನ್ ವೀರ ಬಂದ.

ಇತಿಹಾಸಮೇಷ್ಟ್ರು:
ಬಂದ. 1786ರಲ್ಲಿ ಗವರ್ನರ್ ಜನರಲ್ ಆಗಿ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದು ನೇರ ಶ್ರೀರಂಗಪಟ್ಟಣಕ್ಕೆ ನಡೆದ. ಆದರೆ ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸತ್ತವು, ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. ಮರುವರ್ಷ ನಿಜಾಮ, ಮರಾಠರ ಜೊತೆ ಎತ್ತು, ದವಸ ಎಲ್ಲ ಕೂಡಿಸಿಕೊಂಡು ಬಂದ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆ. ಅಮೆರಿಕದ ದಕ್ಷಿಣದ ಕೆರೊಲಿನಾದ ಕಾಡಿನಲ್ಲಿ ಗೊತ್ತುಗುರಿಯಿಲ್ಲದೆ ಅಲೆದು ಸೈನ್ಯ ಸವೆಸಿಕೊಂಡವನು ಇಲ್ಲಿ ಆ ತಪ್ಪು ಮಾಡಲಿಲ್ಲ. ಇಲ್ಲಿ ಹಿಡಿಯಲು ಒಂದು ತಲೆ ಇತ್ತು, ಸಹಾಯಕ್ಕೆ ನೆರೆಯವರಿದ್ದರು. ಅಮೆರಿಕದಲ್ಲಿ ಎರಡೂ ಇರಲಿಲ್ಲ.

ಮಂಡ್ಯಹೈದ:
ಎತ್ತು ಅಂದ್ರಲ್ಲ ಮೇಷ್ಟ್ರೇ, ಅಮೃತಮಹಲ್ ತಳಿ ನಮ್ಮೋರ್ದು. ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ, ಟಿಪ್ಪು ಇಟ್ಟ ಹೆಸ್ರು ಅಮೃತಮಹಲ್. ತೋಪಿನ ಗಾಡಿ ಎಳ್ಕೊಂಡ್ ಓಡೋ ಎತ್ತು. ಇಂಗ್ಲಿಷರ ಎತ್ತು ಕುಂಟ್ಕೊಂಡ್ ಬರೋವು.

ಇತಿಹಾಸಮೇಷ್ಟ್ರು:
ಒಳ್ಳೆ ನೆನಪು. ಅಮೆರಿಕದಲ್ಲೂ ಎತ್ತಿನ ಕಥೆ ಇದೆ. ಬಾಸ್ಟನ್ನಿನ ಪುಸ್ತಕದಂಗಡಿಯ ಹೆನ್ರಿ ನಾಕ್ಸ್, 25 ವರ್ಷದವನು, ಟೈಕಾಂಡರೋಗಾ ಕೋಟೆಯಿಂದ ಸುಮಾರು 60 ತೋಪುಗಳನ್ನು ಹಿಮದ ಜಾರುಬಂಡಿಗಳ ಮೇಲೆ ಹೇರಿ, ಎತ್ತು ಕುದುರೆ ಕಟ್ಟಿ, 300 ಮೈಲಿ ಎಳೆಸಿದ. ನದಿಯ ಮೇಲಿನ ಮಂಜು ಒಡೆದು ತೋಪು ಮುಳುಗಿದರೆ ಮೇಲೆತ್ತಿಸಿ ಮತ್ತೆ ಹೊರಟ. 1776ರ ಮಾರ್ಚಿನಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ಬಾಸ್ಟನ್ ಎದುರಿನ ಗುಡ್ಡದ ಮೇಲೆ ತೋಪಿನ ಸಾಲು. ಮಾರ್ಚ್ 17ಕ್ಕೆ ಬ್ರಿಟಿಷರು ಊರು ಖಾಲಿ ಮಾಡಿದರು.

ಡೆಲವೇರ್‌ದಂಡೆ:
ಎಲ್ಲರಿಗೂ ಶರಣು. ಮೂರು ದಿನ ಆಫೀಸಿನ ಮೀಟಿಂಗಿನಲ್ಲೂ ಇದನ್ನೇ ಓದಿದೆ. ಮಗಳು ಕದನಗಳ ಪಟ್ಟಿ ಅಳಿಸಿ ಹಾಕಿದ್ದಾಳೆ. ಚಾರ್ಟಿನ ನಡುವೆ ಮಾರ್ಬಲ್‌ಹೆಡ್ಡಿನ ದೋಣಿ, ಎಡಕ್ಕೆ ಸಿಡುಬಿನ ಗೀರು ಹಾಕಿದ ತೋಳು (ಹುಬ್ಬಳ್ಳಿ ಅಕ್ಕ, ಅದು ನಿಮಗಾಗಿ), ಕೆಳಗೆ ನ್ಯೂಯಾರ್ಕಿನ ಹಡಗು ಹತ್ತುವ ಜನರ ಸಾಲು, ಬಲಕ್ಕೆ ‘ಹೈದರ್ ಆಲಿ’ ಹಡಗು. ಹಡಗಿನಿಂದ ಒಂದು ದಾರ ಎಳೆದು ಭೂಪಟದ ಮೇಲೆ ಶ್ರೀರಂಗಪಟ್ಟಣಕ್ಕೆ ಗುಂಡುಪಿನ್ನು ಚುಚ್ಚಬೇಕಂತೆ. ನಮ್ಮ ಭೂಪಟದಲ್ಲಿ ಮೈಸೂರು ಇದೆ, ಶ್ರೀರಂಗಪಟ್ಟಣ ಇಲ್ಲ. ಎಲ್ಲಿ ಚುಚ್ಚಲಿ?

ಮಂಡ್ಯಹೈದ:
ಮೈಸೂರಿಂದ ಬೆಂಗ್ಳೂರ್ ಕಡೆಗೆ ಒಂದ್ ಕೂದಲೆಳೆ ಮೇಲಕ್ಕೆ ಚುಚ್ಚಿ ಸಾ. ಪಿನ್ನಿನ ತಲೆ ಮಂಡ್ಯನೂ ಮುಚ್ಕೊತದೆ, ಪರ್ವಾಗಿಲ್ಲ.